ಓಬವ್ವನಿಗೂ ಭಯ ಆಗಿತ್ತಾ? ಮಕ್ಕಳ ಮನಸ್ಸು ಬಿಚ್ಚಿಸುವ ನಾಟಕದಾಟ

"ಏನಾಯ್ತು?" ಎಂದು ಕೇಳಿದರೆ ಮಕ್ಕಳು "ಏನಿಲ್ಲ" ಎನ್ನುತ್ತಾರೆ. ಅದೇ ಮಗುವಿಗೆ ಒಂದು ಪಾತ್ರ ಕೊಟ್ಟು ನೋಡಿ. ಸಿಟ್ಟು ಪಾತ್ರದ್ದು, ತನ್ನದಲ್ಲ ಎಂಬ ಧೈರ್ಯದಲ್ಲಿ ಮಾತು ತಾನಾಗೇ ಬರುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಹಾಗಾಗಿ ನಮ್ಮ ಕಡೆಯ ಮಕ್ಕಳಿಗೆ ಪಾತ್ರ ಅಂದರೇನು ಎಂದು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಏಳೆಂಟು ಮಕ್ಕಳು, ಒಂದು ಪಡಸಾಲೆ, ಮುಕ್ಕಾಲು ಗಂಟೆ ಸಾಕು.

ಮೊದಲು ಮೈ ಸಡಿಲವಾಗಲಿ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ. ಒಬ್ಬರು ಕೈ, ಕತ್ತು, ಹುಬ್ಬು ಆಡಿಸಿದಂತೆ ಇನ್ನೊಬ್ಬರು ಕನ್ನಡಿಯಾಗಿ ಆಡಿಸಬೇಕು. ಆಮೇಲೆ ಅದಲು ಬದಲು.

ಎರಡನೆಯದು ಒಂದೇ ಮಾತಿನ ಆಟ. ದಾವಣಗೆರೆ ಮಕ್ಕಳಾದರೆ "ಮಂಡಕ್ಕಿ ಖಾಲಿ ಆಯ್ತು" ಎಂಬ ಮಾತು ಕೊಡಿ. ಸಿಟ್ಟು, ದುಃಖ, ಭಯ, ಖುಷಿ, ಹೊಟ್ಟೆಕಿಚ್ಚು ಎಂದು ಚೀಟಿ ಬರೆದಿಡಿ. ಬಂದ ಚೀಟಿಯಂತೆ ಅದೇ ಮಾತು ಹೇಳಬೇಕು, ಉಳಿದವರು ಗುರುತಿಸಬೇಕು. ಖುಷಿಯ ಚೀಟಿ ಬಂದವರು ತಡವರಿಸಿದರೆ ಹೇಳಿಕೊಡಬೇಡಿ. ಮಂಡಕ್ಕಿ ಖಾಲಿಯಾದರೆ ಯಾರಿಗೆ ಖುಷಿ? ಮಾರುವವನಿಗೆ ಅಲ್ವಾ! ಅದನ್ನು ಅವರೇ ಕಂಡುಕೊಳ್ಳಲಿ.

ಮೂರನೆಯದೇ ಮುಖ್ಯ. ಓಬವ್ವನ ಕಥೆ ಎಲ್ಲರಿಗೂ ಗೊತ್ತು. ಗಂಡ ಊಟಕ್ಕೆ ಕೂತಿದ್ದಾನೆ. ನೀರಿಗೆ ಹೋದವಳಿಗೆ ಕಿಂಡಿಯಲ್ಲಿ ಸದ್ದು ಕೇಳುತ್ತದೆ. ಹೈದರಾಲಿಯ ಸೈನಿಕರು! ಮಕ್ಕಳು ತಕ್ಷಣ ಒನಕೆ ಎತ್ತಲು ಹೊರಡುತ್ತಾರೆ. ಅಲ್ಲೇ ತಡೆಯಿರಿ. "ಸದ್ದು ಕೇಳಿದೆ, ಒನಕೆ ಇನ್ನೂ ಕೈಗೆ ಬಂದಿಲ್ಲ. ಎಲ್ಲರೂ ಓಬವ್ವ. ಹಾಗೇ ನಿಲ್ಲಿ" ಎನ್ನಿ. ಸುತ್ತ ನಡೆದು ಒಬ್ಬೊಬ್ಬರ ಹೆಗಲನ್ನು ಮೆಲ್ಲಗೆ ಮುಟ್ಟಿ. ಮುಟ್ಟಿಸಿಕೊಂಡವರು ಓಬವ್ವನ ಮನಸ್ಸಿನ ಒಂದು ಮಾತು ಹೇಳಬೇಕು. "ಕೂಗಿದ್ರೆ ಅವರಿಗೆ ಗೊತ್ತಾಗುತ್ತೆ." "ಅವರನ್ನ ಊಟದಿಂದ ಎಬ್ಬಿಸ್ಲಾ?" "ಕೈ ನಡುಗ್ತಿದೆ." ಹೀಗೆ ಬರುತ್ತವೆ. ಆಗ ಕೇಳಿ: ಭಯ ಮೈಯಲ್ಲಿ ಎಲ್ಲಿದೆ? ಹೊಟ್ಟೆಯಲ್ಲಾ, ಗಂಟಲಲ್ಲಾ, ಮೊಣಕಾಲಲ್ಲಾ? ಹೆದರಿಕೆ ಎಂದರೆ ನಾಚಿಕೆ ಎಂದುಕೊಂಡ ಗಂಡುಹುಡುಗರಿಗೂ ಓಬವ್ವನ ಹೆಸರಲ್ಲಿ ಅದನ್ನು ಹೇಳುವುದು ಸುಲಭ. ಇಲ್ಲಿ ಅವಸರ ಬೇಡವೇ ಬೇಡ. ಒನಕೆ ಆಮೇಲೆ ಎತ್ತಿದರಾಯಿತು.

ಯಾರಿಗೂ ಅಂಕ, ಬಹುಮಾನ ಬೇಡ. ಮೊಬೈಲಲ್ಲಿ ವಿಡಿಯೋ ಮಾಡಬೇಡಿ. ಮುಂದೆ ಬರಲು ಒಲ್ಲದ ಮಗುವಿನ ಕೈಗೆ ಒಂದು ಡಬ್ಬಿ ಕೊಟ್ಟು ಸೈನಿಕರ ಹೆಜ್ಜೆ ಸದ್ದು ಮಾಡಿಸಿ, ಅದೂ ಪಾತ್ರವೇ. "ನಿಮ್ಮ ಮನೆ ಜಗಳ ಮಾಡಿ ತೋರಿಸು" ಎಂದು ಮಾತ್ರ ಎಂದಿಗೂ ಹೇಳಬೇಡಿ. ಪರರ ಕಥೆಯೇ ಇರಲಿ.

ಮುಗಿದ ಮೇಲೆ ಪಾತ್ರ ಕಳಚಬೇಕು. ಕೈಕಾಲು ಕೊಡವಿ, ಜೋರಾಗಿ ತಮ್ಮ ತಮ್ಮ ಹೆಸರು ಹೇಳಿ, ನೀರು ಕುಡಿಯಲಿ. ಯಾರಾದರೂ ಅತ್ತರೆ "ಅಳಬೇಡ" ಎನ್ನದೆ ಪಕ್ಕದಲ್ಲಿ ಸುಮ್ನೆ ಕೂತುಕೊಳ್ಳಿ. ಯಾರೋ ಹೊಡೆಯುತ್ತಾರೆ, ಹೆದರಿಸುತ್ತಾರೆ ಎಂಬ ಸುಳಿವು ಸಿಕ್ಕರೆ ಎಲ್ಲರ ಮುಂದೆ ಕೆದಕಬೇಡಿ. ಮಗುವಿನ ಜೊತೆ ಒಬ್ಬರೇ ಮಾತಾಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.