ಎತ್ತುವ ಲೆಕ್ಕ, ಇಳಿಸುವ ಲೆಕ್ಕ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬೋಟುಗಳಿಗೆ ರಜೆ, ಮಲ್ಪೆಯ ನಮ್ಮಂಥ ಎಂಜಿನ್ ಕೆಲಸದವರಿಗೆ ಮಾತ್ರ ಕೈತುಂಬ ಕೆಲಸ. ಬಿಡಿಭಾಗಗಳನ್ನು ಎತ್ತಿ ಇಳಿಸಲು ನಾವು ಹೆಚ್ಚಾಗಿ ನಂಬುವುದು ಹಗ್ಗ ಮತ್ತು ಕಪ್ಪಿಯನ್ನೇ.

ಮೇಲೆ ಎರಡು ಗಾಲಿಯ ಕಪ್ಪಿ, ಕೆಳಗೆ ಎರಡು ಗಾಲಿಯ ಕಪ್ಪಿ. ಭಾರವನ್ನು ಹೊರುವುದು ಹಗ್ಗದ ನಾಲ್ಕು ಎಳೆ. ಪುಸ್ತಕದ ಲೆಕ್ಕದಲ್ಲಿ ಯಾಂತ್ರಿಕ ಲಾಭ 4, ಅಂದರೆ 60 ಕಿಲೋ ಎತ್ತಲು 15 ಕಿಲೋದಷ್ಟು ಎಳೆದರೆ ಸಾಕು. ಆದರೆ ಉಪ್ಪುಗಾಳಿಗೆ ತುಕ್ಕು ಹಿಡಿದ ಕಪ್ಪಿಯನ್ನು ಎಳೆದವನ ತೋಳು ಈ ಲೆಕ್ಕವನ್ನು ಒಪ್ಪುವುದಿಲ್ಲ. ಹಾಗಾಗಿ ಅಳೆದೇ ನೋಡಿದೆ. ಒಂದು ಲಂಗರನ್ನು ಕಟ್ಟಿದೆ. ಕೆಳಗಿನ ಕಪ್ಪಿಯೂ ಸೇರಿ 60 ಕಿಲೋ. ಮೀನು ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿಯನ್ನು ಹಗ್ಗದ ತುದಿಗೆ ಸಿಕ್ಕಿಸಿ ನಿಧಾನವಾಗಿ ಎಳೆದೆ. ಜಗ್ಗಿ ಎಳೆದರೆ ಅಂಕಿ ಕುಣಿಯುತ್ತದೆ. ಒಂದೇ ಸಮನೆ ಎಳೆಯಬೇಕು. ತಕ್ಕಡಿ ತೋರಿಸಿದ್ದು 22 ಕಿಲೋ.

ಭಾರ ಒಂದು ಮೀಟರ್ ಏರಬೇಕಾದರೆ ಹಗ್ಗ ನಾಲ್ಕು ಮೀಟರ್ ಬರಬೇಕು. 22ನ್ನು 4ರಿಂದ ಗುಣಿಸಿದರೆ 88; ಅದರಲ್ಲಿ ಕೆಲಸಕ್ಕೆ ಬಂದದ್ದು 60. ದಕ್ಷತೆ ಶೇ. 68. ಕಪ್ಪಿಯ ಸ್ವಂತ ತೂಕವನ್ನು ಕಳೆದರೆ ಇನ್ನೂ ಕಡಿಮೆ. ಉಳಿದದ್ದೆಲ್ಲ ಪಿನ್ನು, ಬುಷ್ಷು ಮತ್ತು ಹಗ್ಗದ ಉಜ್ಜಾಟದಲ್ಲಿ ಬಿಸಿಯಾಗಿ ಹೋಯಿತು. ಪಿನ್ನುಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸ್ ತುಂಬಿ ಮತ್ತೆ ಅಳೆದಾಗ 18.5 ಕಿಲೋಗೆ ಇಳಿಯಿತು. ದಕ್ಷತೆ ಶೇ. 81.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇಳಿಸುವಾಗಿನ ಲೆಕ್ಕವನ್ನು ಹೇಳುವವರು ಕಡಿಮೆ. ತುಕ್ಕು ಹಿಡಿದಿದ್ದಾಗ ಅದೇ ಲಂಗರನ್ನು ಮೆಲ್ಲಗೆ ಇಳಿಸಲು ಹಗ್ಗವನ್ನು 10 ಕಿಲೋದಷ್ಟು ಬಲದಿಂದ ಹಿಡಿದರೆ ಸಾಕಾಗಿತ್ತು. ಗ್ರೀಸ್ ಹಾಕಿದ ಮೇಲೆ 12 ಕಿಲೋ ಬೇಕಾಯಿತು. ಘರ್ಷಣೆ ಯಾವಾಗಲೂ ಚಲನೆಗೆ ಎದುರು. ಎತ್ತುವಾಗ ನಮಗೆ ವಿರುದ್ಧ, ಇಳಿಸುವಾಗ ನಮ್ಮ ಪಕ್ಷ. ಕಪ್ಪಿ ಹಗುರವಾಗಿ ತಿರುಗತೊಡಗಿದರೆ ಹಗ್ಗ ಬಿಡುವವನ ಹೊಣೆ ಹೆಚ್ಚುತ್ತದೆ. ಹಳೆಯ ಬಿಗಿತಕ್ಕೆ ಒಗ್ಗಿದ ಕೈಗೆ ಇದು ಗೊತ್ತಿರುವುದಿಲ್ಲ. ಅದಕ್ಕೇ ಗ್ರೀಸ್ ಹಾಕಿದ ದಿನ ನಾನು ಹುಡುಗರಿಗೆ ಮೊದಲು ಹೇಳುವ ಮಾತು, ಇಳಿಸುವಾಗ ಹಗ್ಗವನ್ನು ಕಬ್ಬಿಣದ ಕಂಬಕ್ಕೆ ಎರಡು ಸುತ್ತು ಹಾಕಿಕೊಳ್ಳಿ ಎಂದು. ಆಗ ಒಂದೆರಡು ಕಿಲೋ ಹಿಡಿತದಲ್ಲಿ ಭಾರ ನಿಲ್ಲುತ್ತದೆ.

ತಿರುಪು ತಿರುಗಿಸಿ ಭಾರ ಎತ್ತುವ ಸ್ಕ್ರೂ ಜಾಕ್‌ನಲ್ಲಿ ಈ ಉಜ್ಜಾಟವನ್ನೇ ಬೇಕೆಂದು ಇಟ್ಟುಕೊಂಡಿದ್ದಾರೆ. ಅದರ ದಕ್ಷತೆ ಅರ್ಧಕ್ಕಿಂತ ಕಡಿಮೆ. ನಾವು ಹಾಕಿದ 100ರಲ್ಲಿ 40 ಭಾರಕ್ಕೆ ಹೋಗಿ 60 ಘರ್ಷಣೆಗೆ ಹೋಯಿತೆನ್ನಿ. ವಾಪಸು ಇಳಿಯಲು ಭಾರದ ಹತ್ತಿರ ಇರುವುದು 40 ಮಾತ್ರ, ಘರ್ಷಣೆಯನ್ನು ಮೀರಲು ಅದು ಸಾಲದು. ಹಿಡಿಯನ್ನು ಬಿಟ್ಟರೂ ಎಂಜಿನ್ ಕೆಳಗೆ ಜಾರದಿರುವುದು ಇದರಿಂದಲೇ. ಜಾಕ್‌ನ ದಕ್ಷತೆ ಕಳಪೆ ಎಂದು ದೂರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಸರಪಳಿ ಎಳೆದು ಭಾರ ಎತ್ತುವ ಚೈನ್ ಬ್ಲಾಕ್‌ನಲ್ಲಿ ಗೇರುಗಳು ಸಲೀಸಾಗಿ ತಿರುಗುವುದರಿಂದ ಭಾರವನ್ನು ಹಿಡಿಯಲು ಒಳಗೆ ಪ್ರತ್ಯೇಕ ಬ್ರೇಕ್ ಬೇಕು. ಗ್ರೀಸ್ ಗೇರಿಗೆ ಮಾತ್ರ. ಬ್ರೇಕಿನ ತಟ್ಟೆಗಳಿಗೆ ಅದು ಸೋಕದಂತೆ ನಾನೇ ನಿಂತು ನೋಡಿಕೊಳ್ಳುತ್ತೇನೆ.