ಈರುಳ್ಳಿ ಸಿಪ್ಪೆ ಬಣ್ಣ ಒಂದೇ ಒಗೆತಕ್ಕೆ ಹೋಯ್ತಾ?

ಮೊನ್ನೆ ಮೊಮ್ಮಗಳ ಫೋನು. "ಅಜ್ಜಿ, ಈರುಳ್ಳಿ ಸಿಪ್ಪೆ ಕುದಿಸಿ ದುಪಟ್ಟಾಗೆ ಬಣ್ಣ ಹಾಕಿದೆ, ಒಂದೇ ಒಗೆತಕ್ಕೆ ಎಲ್ಲಾ ಹೋಯ್ತು." ಹೋಗದೆ ಇನ್ನೇನು? ಬಟ್ಟೆಗೆ ಒಗರಿನ ಅಳಲೆಕಾಯಿ ತೋರಿಸಿಲ್ಲ, ಪಟಿಕ (ಆಲಂ) ತೋರಿಸಿಲ್ಲ. ಬಣ್ಣ ಯಾವುದನ್ನು ಹಿಡ್ಕೊಂಡು ನಿಲ್ಲಬೇಕು?

ಸಿಪ್ಪೆ ಅಂದರೆ ಹೊರಗಿನ ಒಣ ಸಿಪ್ಪೆ ಮಾತ್ರ. ಕಪ್ಪು ಬೂಸ್ಟು ಹಿಡಿದದ್ದನ್ನು ಆರಿಸಿ ಬಿಸಾಡಿ. ಬಣ್ಣ ಕೊಡುವ ಸತ್ವಕ್ಕೆ ಕ್ವೆರ್ಸೆಟಿನ್ ಅಂತಾರೆ. ನಾವು ತಿನ್ನುವ ಗಡ್ಡೆಗಿಂತ ಈ ಸಿಪ್ಪೆಯಲ್ಲೇ ಅದು ಜಾಸ್ತಿ. ಅದನ್ನೇ ಮಾತ್ರೆ ಮಾಡಿ ಮಾರ್ತಾರೆ, ನಾವು ಕಸದ ಬುಟ್ಟಿಗೆ ಸುರೀತೀವಿ.

ರೇಷ್ಮೆಗೆ ಪಟಿಕವೊಂದೇ ಸಾಕು. ಹತ್ತಿ ಹಟಮಾರಿ. ಒಗೆಯುವ ಸೋಡಾ ಹಾಕಿ ಕುದಿಸಿ, ಗಂಜಿಯೆಲ್ಲ ಬಿಡಿಸಿದ ಬಟ್ಟೆ ಇರಬೇಕು. ಗ್ರಂಧಿಗೆ ಅಂಗಡಿಯಿಂದ ಅಳಲೆಕಾಯಿ ಪುಡಿ ತಂದು ಬಿಸಿನೀರಲ್ಲಿ ಕದಡಿ ಸೋಸಿ. ರಾತ್ರಿಯಿಡೀ ಬಟ್ಟೆ ಅದರಲ್ಲಿರಲಿ. ಬೆಳಿಗ್ಗೆ ಹಿಂಡಿ, ತೊಳೆಯದೆ ನೆರಳಲ್ಲಿ ಒಣಗಿಸಿ. ತೊಳೆದರೆ ಮುಗೀತು, ಮತ್ತೆ ಮೊದಲಿಂದ! ಆಮೇಲೆ ಪಟಿಕ. ಕುಟ್ಟಿ ಪುಡಿ ಮಾಡಿ, ಬಿಸಿನೀರಲ್ಲಿ ಪೂರ್ತಿ ಕರಗಿಸಿ, ಪಾತ್ರೆಯ ತಳಕ್ಕೆ ಬೆರಳಾಡಿಸಿ ನೋಡಿ. ಒಂದು ಕಾಳು ತಾಗಿದರೂ ಇನ್ನಷ್ಟು ಕಲಕಿ, ಇಲ್ಲದಿದ್ದರೆ ಅಲ್ಲೇ ಮಚ್ಚೆ ಬೀಳುತ್ತೆ. ಬಟ್ಟೆ ಮುಳುಗಿಸಿ ಮೊಬೈಲ್ ಹಿಡ್ಕೊಂಡು ಕೂರಬೇಡಿ. ಆಗಾಗ ಮಡಿಕೆ ಬಿಡಿಸಿ ತಿರುವಿ ಹಾಕಬೇಕು, ಇಲ್ಲವಾದರೆ ಪಟ್ಟೆಪಟ್ಟೆಯಾಗುತ್ತೆ. ಅರ್ಧ ದಿನ ಬಿಟ್ಟು, ಹಿಂಡಿ, ಒಮ್ಮೆ ಜಾಲಿಸಿ.

ಸಿಪ್ಪೆ ಕುದಿಸೋದು ಸುಲಭ. ಒಂದು ದುಪಟ್ಟಾಗೆ ದೊಡ್ಡ ಪಾತ್ರೆಯಲ್ಲಿ ಒತ್ತಿ ತುಂಬುವಷ್ಟು ಸಿಪ್ಪೆ. ನೀರು ಗಟ್ಟಿ ಡಿಕಾಕ್ಷನ್ ಹಾಗೆ ಆದಾಗ ಬಟ್ಟೆಯಲ್ಲಿ ಸೋಸಿ. ಒದ್ದೆ ದುಪಟ್ಟಾ ಇಳಿಸಿ, ಸಣ್ಣ ಉರಿಯಲ್ಲಿ ಒಂದು ಗಂಟೆ. ಹಬೆಯಾಡಬೇಕು, ಕೊತಕೊತ ಕುದಿಯಬಾರದು, ಬಣ್ಣ ಮಂಕಾಗುತ್ತೆ. ಒಲೆ ಆರಿಸಿ ಅದರಲ್ಲೇ ತಣಿಯಲಿ.

ಪಾತ್ರೆ ಸ್ಟೀಲಿನದೇ ಇರಲಿ, ಅದರಲ್ಲಿ ಮತ್ತೆ ಸಾರು ಮಾಡಬೇಡಿ. ಮದುವೆಯಾದ ಹೊಸತರಲ್ಲಿ ನಾನು ಜಾಣೆ ಅಂತ ಮಾವನವರ ಅಂಗವಸ್ತ್ರವನ್ನು ಕಬ್ಬಿಣದ ಬಾಣಲೆಯಲ್ಲಿ ಅದ್ದಿದೆ. ಹೊನ್ನಿನ ಬಣ್ಣ ಬರುತ್ತೆ ಅಂತ ಕಾದರೆ ಪಾಚಿ ಬಣ್ಣ ಬಂತು! ಅಳಲೆಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತೆ ಅಂತ ಯಾರು ಹೇಳಿದ್ದರು? ಅತ್ತೆ ಬೈಯಲಿಲ್ಲ. ಅದನ್ನೇ ಒಲೆಕಟ್ಟೆ ಒರೆಸೋಕೆ ಇಟ್ಟರು. ವರ್ಷಗಟ್ಟಲೆ ದಿನಾ ಅದರ ಮುಖ ನೋಡಿದ್ದೇನೆ.

ಬಣ್ಣ ಹಾಕಿದ ಬಟ್ಟೆಗೆ ಸೋಪಿನ ಪುಡಿ ಬೇಡ, ಅಂಟುವಾಳದ ನೀರು ಸಾಕು. ಒಣಗಿಸೋದು ನೆರಳಲ್ಲಿ, ಈ ಬಣ್ಣಕ್ಕೆ ಬಿಸಿಲು ಆಗಿಬರೋಲ್ಲ. ಸೋಸಿ ಉಳಿದ ಸಿಪ್ಪೆಯನ್ನು ಕರಿಬೇವಿನ ಬುಡಕ್ಕೆ ಹಾಕಿ.