ಹಳೇ ಸೈಕಲ್ ಬಿಚ್ಚುವವರೇ, ಕಾಟರ್ ಪಿನ್ ಹುಷಾರು!

ಕೊಟ್ಟಿಗೆಯಲ್ಲಿ ಬಿದ್ದಿದ್ದ ಅಜ್ಜನ 28 ಇಂಚಿನ ಕಪ್ಪು ಸೈಕಲನ್ನು ಮನೆಯಲ್ಲೇ ರೆಡಿ ಮಾಡಿದೆ. ಜಾಸ್ತಿ ಕಾಡಿದ್ದು ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಕಾಟರ್ ಪಿನ್, ಅಂದರೆ ಆ ತೋಳನ್ನು ನಡುವಿನ ಅಚ್ಚಿಗೆ ಬಿಗಿಯಾಗಿ ಹಿಡಿದಿಡುವ ಪಿನ್. ಮೊದಲನೆಯದಕ್ಕೆ ನಟ್ ಬಿಚ್ಚಿ ಸುಮ್ನೆ ಸುತ್ತಿಗೆಯಿಂದ ಕುಟ್ಟಿದೆ. ತುದಿ ಅಣಬೆಯಂತೆ ಅರಳಿತು, ಪಿನ್ ಕದಲಲಿಲ್ಲ. ಕೊನೆಗೆ ಡ್ರಿಲ್ ಹಾಕಿಸಬೇಕಾಯ್ತು.

ಎರಡನೆಯದಕ್ಕೆ ಬುದ್ಧಿ ಬಂದಿತ್ತು. ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ನಟ್ ಪೂರ್ತಿ ತೆಗೆಯಬೇಡಿ, ಪಿನ್ನಿನ ತುದಿಗೆ ಸಮ ಬರುವಷ್ಟು ಮಾತ್ರ ಸಡಿಲಿಸಿ. ಕ್ರ್ಯಾಂಕಿನ ಕೆಳಗೆ ಒಂದು ಕಬ್ಬಿಣದ ಪೈಪಿನ ತುಂಡನ್ನು ನೆಲಕ್ಕೆ ಊರಿ ನಿಲ್ಲಿಸಿ, ಪಿನ್ನಿನ ದಪ್ಪ ತಲೆ ಅದರೊಳಗೆ ಇರಲಿ. ಈ ಆಸರೆ ಇಲ್ಲದಿದ್ದರೆ ಏಟೆಲ್ಲ ಅಚ್ಚಿನ ಬೇರಿಂಗ್ ಒಳಗಿನ ಬಾಲ್ಸ್ (ಸಣ್ಣ ಉಕ್ಕಿನ ಗುಂಡುಗಳ) ಮೇಲೆ ಬೀಳುತ್ತದೆ. ಆಮೇಲೆ ನಟ್ ಮೇಲೆ ಒಂದೇ ಜೋರು ಏಟು. ಹತ್ತು ಸಣ್ಣ ಏಟಿಗಿಂತ ಅದೇ ವಾಸಿ.

ಹೊಸದು ಕೊಳ್ಳುವಾಗ ಹಳೇ ಪಿನ್ನನ್ನೇ ಅಂಗಡಿಗೆ ಒಯ್ಯಿರಿ. 9 ಮಿ.ಮೀ., 9.5 ಮಿ.ಮೀ. ಎರಡೂ ಇವೆ, ನೋಡಲು ಒಂದೇ ಥರ. ಕೂರಿಸುವಾಗ ಕ್ರ್ಯಾಂಕ್‌ಗಳನ್ನು ಅಡ್ಡಡ್ಡ ನಿಲ್ಲಿಸಿ. ಒಂದರ ನಟ್ ಮೇಲೆ ಬಂದರೆ ಇನ್ನೊಂದರದ್ದು ಕೆಳಗೆ ಬರಬೇಕು. ತಪ್ಪಿದರೆ ಪೆಡಲ್‌ಗಳು ಒಂದೇ ಗೆರೆಗೆ ಬರುವುದಿಲ್ಲ.

ಎಡ ಪೆಡಲ್ ಉಲ್ಟಾ ಥ್ರೆಡ್, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಅದು ಗೊತ್ತಲ್ವಾ?

ಹ್ಯಾಂಡಲ್ಲಿನ ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಫ್ರೇಮಿನ ಬಂಗಾರದ ಗೆರೆ ಅರ್ಧ ಉಳಿದಿದ್ದರೂ ಪೌಡರ್ ಕೋಟಿಂಗ್ ಮಾಡಿಸಬೇಡಿ, ಕಾರಿನ ವ್ಯಾಕ್ಸ್ ಸಾಕು. ನಾನು ಬದಲಾಯಿಸಿದ್ದು ಸೀಟು ಮಾತ್ರ. ಅಜ್ಜನ ಸೀಟಿನ ಸ್ಪ್ರಿಂಗ್ ಕಚ್ಚುತ್ತಿತ್ತು!